ರಾಗಿ ಕಾಳಿನ ಇಪ್ಪತ್ತನೇ ಒಂದು ಪಾಲು

ಒಂದು ರಾಗಿ ಕಾಳು ತೆಗೆದುಕೊಳ್ಳಿ. ತೂಕ ಹೆಚ್ಚೆಂದರೆ 3 ಮಿಲಿಗ್ರಾಂ. ಅದನ್ನು ಇಪ್ಪತ್ತು ಚೂರು ಮಾಡಿ. ಆಗುವ ಕೆಲಸವಲ್ಲ, ಆದರೂ ಮನಸ್ಸಿನಲ್ಲಿ ಮಾಡಿ. ಅದರಲ್ಲಿ ಒಂದೇ ಒಂದು ಚೂರಿನಷ್ಟು ಮದ್ಯಸಾರ ನಿಮ್ಮ ಒಂದು ಲೀಟರ್ ಉಸಿರಿನಲ್ಲಿ ಸಿಕ್ಕಿದರೆ ನೀವು ಕಾನೂನಿನ ಗೆರೆಯ ಮೇಲೆ ನಿಂತಿದ್ದೀರಿ ಎಂದು ಅರ್ಥ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಾದರೂ ಗಾಡಿ ಠಾಣೆಗೆ, ನೀವು ಕೋರ್ಟಿಗೆ.

ಇನ್ನೂ ಚಿಕ್ಕದು ಬೇಕೆ? ಚೆನ್ನಾಗಿ ಉಂಡವನ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ಅದರಲ್ಲಿ 33,000 ಕಾಳು ಇವೆ. ಆ ಹಿಟ್ಟನ್ನು 7 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಶಿಡ್ಲಘಟ್ಟದವರಿಗೆ ಅವರ ಭಾಷೆಯಲ್ಲೇ ಹೇಳುವುದಾದರೆ, ಒಂದು ರೇಷ್ಮೆ ಮೊಟ್ಟೆಯ ತೂಕದ ಕಾಲು ಭಾಗ. ಮೊಟ್ಟೆಯೇ ಸಾಸಿವೆಗಿಂತ ಸಣ್ಣದು; ಅದರಲ್ಲಿ ಕಾಲು.

ಈ ಲೆಕ್ಕ ಹುಟ್ಟಿದ್ದು ಎರಡು ಸಂಖ್ಯೆಗಳಿಂದ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಹೇಳುವುದು 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಎಂದು. ರಕ್ತದ ಒಂದು ಪಾಲಿನಲ್ಲಿ ಇರುವಷ್ಟು ಮದ್ಯಸಾರ ಉಸಿರಿನ 2,100 ಪಾಲಿನಲ್ಲಿ ಹರಡಿಕೊಂಡಿರುತ್ತದೆ ಎಂಬುದು ಜಗತ್ತಿನ ಬಹುತೇಕ ಊದುವ ಯಂತ್ರಗಳು ಒಪ್ಪಿಕೊಂಡ ಗುಣಾಕಾರ. ಭಾಗಿಸಿದರೆ ಲೀಟರಿಗೆ 0.143 ಮಿಲಿಗ್ರಾಂ. ಉಸಿರಿನಲ್ಲಿ ಇದು ಎಷ್ಟು ವಿರಳ ಗೊತ್ತೆ? ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 2011ರ ಗಣತಿಯ ಪ್ರಕಾರ 12,55,000 ಜನ. ಅಷ್ಟೂ ಜನ ಉಸಿರಿನ ಅಣುಗಳು ಎಂದುಕೊಂಡರೆ, ಅವರಲ್ಲಿ ಮದ್ಯಸಾರದವರು 98 ಮಂದಿ. ಎರಡು ಬಸ್ಸು ತುಂಬುವುದಿಲ್ಲ. ಬಾಗೇಪಲ್ಲಿಯಿಂದ ಗೌರಿಬಿದನೂರಿನವರೆಗೆ ಹರಡಿರುವ ಜಿಲ್ಲೆಯಲ್ಲಿ ಆ 98 ಜನರನ್ನು ಕೆಲವೇ ಸೆಕೆಂಡುಗಳಲ್ಲಿ ಹೆಕ್ಕಿ ತೆಗೆಯುವುದು ಅಂಗೈಯಗಲದ ಒಂದು ಡಬ್ಬಿ.

ಆದರೆ ವಿರಳ ಎಂದ ಮಾತ್ರಕ್ಕೆ ಕಡಿಮೆ ಎಂದುಕೊಳ್ಳಬೇಡಿ. ಅದೇ 0.143 ಮಿಲಿಗ್ರಾಮಿನಲ್ಲಿರುವ ಮದ್ಯಸಾರದ ಅಣುಗಳನ್ನು ಎಣಿಸಿದರೆ 18,000 ಕೋಟಿ ಕೋಟಿ ದಾಟುತ್ತದೆ. ಕೋಟಿ ಎರಡು ಸಲ ಬಿದ್ದಿರುವುದು ಅಚ್ಚಿನ ತಪ್ಪಲ್ಲ. ಭೂಮಿಯ ಮೇಲಿನ 800 ಕೋಟಿ ಜನರಿಗೂ ಹಂಚಿದರೆ ತಲೆಗೆ 23 ಕೋಟಿ ಅಣು. ಒಬ್ಬ ಮನುಷ್ಯ ಒಂದು ಪೆಗ್ ಹಾಕಿ ಒಂದು ಲೀಟರ್ ಉಸಿರು ಬಿಟ್ಟರೆ ಇಡೀ ಮನುಕುಲಕ್ಕೆ ಪ್ರಸಾದ.

ಯಂತ್ರದ ಮೂಗು ಇಷ್ಟು ಚುರುಕಾಗಿರುವುದು ಈ ಸೀಮೆಗೆ ಹೊಸದೇನಲ್ಲ. ಗೌರಿಬಿದನೂರಿನ ಹೊಲಗಳ ನಡುವೆ ಸಾವಿರ ಡೈಪೋಲ್‌ಗಳ ರೇಡಿಯೊ ದೂರದರ್ಶಕ ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದಕ್ಕೆ ತೋಳು ಚಾಚಿತ್ತು. 15 ಕೋಟಿ ಕಿ.ಮೀ. ಆಚೆಯ ಸೂರ್ಯನ ಪಿಸುಮಾತು ಕೇಳುವ ಉಪಕರಣಗಳು ಅಲ್ಲಿವೆ. ಅದೇ ಊರಿನ ಬಳಿ 1965ರಿಂದ ಭೂಕಂಪನ ಮಾಪಕಗಳ ಸಾಲು ನೆಲಕ್ಕೆ ಕಿವಿಗೊಟ್ಟು ಕೂತಿದೆ. ಯಾವುದೋ ಖಂಡದಲ್ಲಿ ಯಾರೋ ನೆಲದಡಿ ಅಣುಬಾಂಬು ಸಿಡಿಸಿದರೆ ಇಲ್ಲಿ ಗೊತ್ತಾಗುತ್ತದೆ. ಆ ಊರಿನ ಹೊರವಲಯದಲ್ಲಿ ಬೈಕ್ ತಡೆದು ನಿಲ್ಲಿಸಿದ ಪೊಲೀಸರ ಆಲ್ಕೋಮೀಟರ್‌ಗೆ ಕೇಳಬೇಕಾದ ದೂರ ಐದು ಸೆಂಟಿಮೀಟರ್. ‘ಒಂದೇ ಬಿಯರ್ ಸಾರ್’ ಎನ್ನುವ ಸುಳ್ಳು ಅಷ್ಟು ದೂರ ಕೂಡ ನಡೆಯಲಾರದು.

ಉಸಿರಿನ ಹಿಂದೆ ಇರುವ ಕಾರ್ಖಾನೆಯ ಅಳತೆ ಕೇಳಿ. ನಿಮ್ಮ ಶ್ವಾಸಕೋಶದ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ. 20×30 ಸೈಟಿನಲ್ಲಿ ಹಿಡಿಸುವುದಿಲ್ಲ. ಅದರ ಪಕ್ಕದಲ್ಲೇ ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ಎತ್ತುತ್ತದೆ. ದಿನಕ್ಕೆ 7,200 ಲೀಟರ್. ನಮ್ಮ ಕಡೆ ಬೇಸಿಗೆಯಲ್ಲಿ ಬರುವ ನೀರಿನ ಟ್ಯಾಂಕರಿನಲ್ಲಿ ಒಂದೂವರೆ ಲೋಡು, ಅದೂ 1,500 ಅಡಿ ಕೊಳವೆಬಾವಿ ಕೊರೆಸದೆ, ಕರೆಂಟು ಇಲ್ಲದೆ. ಹೀಗೆ ಸುತ್ತುವ 5 ಲೀಟರ್ ರಕ್ತದಲ್ಲಿ ಗೆರೆ ಮುಟ್ಟಲು ಬೇಕಾದ ಶುದ್ಧ ಮದ್ಯಸಾರ ಒಂದೂವರೆ ಗ್ರಾಂ, ಅಂದರೆ 2 ಮಿ.ಲೀ.ಗೂ ಕಡಿಮೆ. ಟೀ ಚಮಚದ ಅರ್ಧವೂ ಇಲ್ಲ. ಶೇಕಡಾ ಲೆಕ್ಕದಲ್ಲಿ 0.03. 2011ರ ಗಣತಿಯಲ್ಲಿ ಸುಮಾರು 64,000 ಜನರಿದ್ದ ಚಿಕ್ಕಬಳ್ಳಾಪುರ ಪಟ್ಟಣದಲ್ಲಿ 19 ಜನ ಗಲಾಟೆ ಎಬ್ಬಿಸಿ ಇಡೀ ಊರಿನ ನಿದ್ದೆ ಕೆಡಿಸಿದ ಹಾಗೆ.

ಈಗ ಬಾಟಲಿಗೆ ಬರೋಣ. ನಮ್ಮಲ್ಲಿ ಯಾರೂ ಗ್ರಾಮಿನಲ್ಲಿ ಕುಡಿಯುವುದಿಲ್ಲ. ಪೆಗ್ಗು, ನೈಂಟಿ, ಕ್ವಾರ್ಟರ್. 60 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ 30 ಮಿ.ಲೀ. ವಿಸ್ಕಿ ಹಾಕಿದರೆ ರಕ್ತದಲ್ಲಿ ಹತ್ತಿರ ಹತ್ತಿರ 25 ಮಿಲಿಗ್ರಾಂ. ಲೆಕ್ಕ ಒರಟು, ದೇಹದಿಂದ ದೇಹಕ್ಕೆ ಹೆಚ್ಚುಕಡಿಮೆ. ಆದರೂ ಗೆರೆಗೆ ಇನ್ನು ಉಳಿದಿರುವುದು 5. ನೈಂಟಿ ಹಾಕಿದರೆ 70 ದಾಟುತ್ತದೆ, ಗೆರೆಯ ಎರಡು ಪಟ್ಟಿಗೂ ಹೆಚ್ಚು. ಕ್ವಾರ್ಟರ್ ಮುಗಿಸಿದರೆ 150ರ ಆಸುಪಾಸು, ಐದು ಪಟ್ಟು. ‘ನಾನು ಬರೀ ಬಿಯರ್’ ಎನ್ನುವವರಿಗೆ: 650 ಮಿ.ಲೀ.ಯ ಒಂದು ಸ್ಟ್ರಾಂಗ್ ಬಾಟಲಿಯಲ್ಲಿ ನೈಂಟಿಗಿಂತ ಹೆಚ್ಚು ಮದ್ಯಸಾರ ಇರುತ್ತದೆ.

ಪಟ್ಟು ಎಂದರೆ ಬರೀ ಪಟ್ಟಲ್ಲ. ಅಮೆರಿಕದ ಅಧ್ಯಯನದ ಪ್ರಕಾರ 80 ಮಿಲಿಗ್ರಾಮಿನಲ್ಲಿ ಡಿಕ್ಕಿಯ ಸಾಧ್ಯತೆ, ಕುಡಿಯದ ಚಾಲಕನಿಗೆ ಹೋಲಿಸಿದರೆ ನಾಲ್ಕು ಪಟ್ಟು. 150ಕ್ಕೆ ಏರಿದರೆ ಎಂಟು ಅಲ್ಲ, ಹನ್ನೆರಡು. ಕುಡಿತ ಕೂಡುತ್ತಾ ಹೋಗುತ್ತದೆ, ಅಪಾಯ ಗುಣಿಸುತ್ತಾ ಹೋಗುತ್ತದೆ.

ಇಳಿಯುವುದೋ, ಎತ್ತಿನಗಾಡಿಯ ವೇಗ. ಯಕೃತ್ತು ಗಂಟೆಗೆ ಇಳಿಸುವುದು ಸುಮಾರು 15 ಮಿಲಿಗ್ರಾಂ. ಕ್ವಾರ್ಟರಿನ 150 ಸೊನ್ನೆಗೆ ಇಳಿಯಲು ಹತ್ತು ಗಂಟೆ. ನಡುರಾತ್ರಿ ಹನ್ನೆರಡಕ್ಕೆ ಕೊನೆಯ ಗುಟುಕು ಹಾಕಿದವನು ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಇಡ್ಲಿ ತಿಂದು, ವಿಭೂತಿ ಇಟ್ಟುಕೊಂಡು ಆರಕ್ಕೆ ಹೊರಟರೂ ಅವನ ರಕ್ತದಲ್ಲಿ ಇನ್ನೂ 60. ಗೆರೆಯ ಎರಡು ಪಟ್ಟು. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಇವೆಲ್ಲವೂ ಸೇರಿ ಆ ಹತ್ತು ಗಂಟೆಯಲ್ಲಿ ಕಡಿಮೆ ಮಾಡುವ ಸಮಯ: ಸೊನ್ನೆ.

ಆ ಸ್ಥಿತಿಯಲ್ಲಿ ಅವನು ರಾಷ್ಟ್ರೀಯ ಹೆದ್ದಾರಿ 44ಕ್ಕೆ ಹತ್ತುತ್ತಾನೆ ಅನ್ನಿ. ಶ್ರೀನಗರದಿಂದ ಕನ್ಯಾಕುಮಾರಿಗೆ 3,700 ಕಿ.ಮೀ. ಚಿಲ್ಲರೆ ಓಡುವ, ದೇಶದ ಅತಿ ಉದ್ದದ ಹೆದ್ದಾರಿ ನಮ್ಮ ಚಿಕ್ಕಬಳ್ಳಾಪುರದ ಅಂಚು ಸವರಿಕೊಂಡು ಹೋಗುತ್ತದೆ. ಅಲ್ಲಿ 80ರ ವೇಗ ವೇಗವೇ ಅಲ್ಲ. ಆದರೆ 80 ಎಂದರೆ ಸೆಕೆಂಡಿಗೆ 22 ಮೀಟರ್: ‘ಅಯ್ಯೋ’ ಎನ್ನುವಷ್ಟರಲ್ಲಿ ಒಂದು ಕ್ರಿಕೆಟ್ ಪಿಚ್ಚು ಹಿಂದಕ್ಕೆ ಹೋಗಿರುತ್ತದೆ. ಒಂದು ರೇಷ್ಮೆ ಗೂಡಿನ ನೂಲು ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಕಿ.ಮೀ. ಉದ್ದ ಬರುತ್ತದೆ, ಹುಳು ಎರಡು ಮೂರು ದಿನ ತಲೆ ಆಡಿಸಿ ಸುತ್ತಿದ್ದನ್ನು ಈ ಗಾಡಿ 45 ಸೆಕೆಂಡಿನಲ್ಲಿ ಮುಗಿಸುತ್ತದೆ.

ಮದ್ಯ ಕದಿಯುವುದು ಇಲ್ಲೇ, ಸೆಕೆಂಡಿನ ಚೂರುಗಳನ್ನು. ಬ್ರೇಕಿನ ಮೇಲೆ ಕಾಲು ಇಡುವುದು ಅರ್ಧ ಸೆಕೆಂಡ್ ತಡವಾಯಿತು ಎಂದುಕೊಳ್ಳಿ. 11 ಮೀಟರ್ ಹೋಯಿತು. ಸುಮಾರು ಒಂದು ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನ ಉದ್ದ. ಬಸ್ಸಿನ ಉದ್ದ ತಾನೇ ಎನ್ನಬೇಡಿ. ಒಣಗಿದ ಟಾರು ರಸ್ತೆ, ಒಳ್ಳೆಯ ಟಯರು, ಅದೇ ಗಾಡಿ. ಕುಡಿಯದವನು ಪೂರ್ತಿ ನಿಂತುಬಿಟ್ಟ ಜಾಗವನ್ನು ಅರ್ಧ ಸೆಕೆಂಡ್ ತಡ ಮಾಡಿದವನು ತಲುಪುವಾಗ ಅವನ ವೇಗ ಇನ್ನೂ 44 ಕಿ.ಮೀ. ಒಬ್ಬನಿಗೆ ಸೊನ್ನೆ, ಇನ್ನೊಬ್ಬನಿಗೆ ನಲವತ್ತನಾಲ್ಕು. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ, ನಂಬಿಕೆ ಬರಲಿಲ್ಲ. ಮೂರು ಸಲವೂ ಅಷ್ಟೇ ಬಂತು.

2023ರ ಅಕ್ಟೋಬರ್ 26ರ ಮುಂಜಾನೆ ಇದೇ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರದ ಬಳಿ, ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಗುದ್ದಿ 13 ಜನ ಹೋದರು. ಅಲ್ಲಿ ಕಾರಣವೆಂದು ಹೇಳಿದ್ದು ಮಂಜು, ಮದ್ಯವಲ್ಲ. ನಂದಿಬೆಟ್ಟದ ಮಗ್ಗುಲಿನ ರಸ್ತೆಯಲ್ಲಿ ಮಂಜು ಕದಿಯುವುದೂ ಇದೇ ಸರಕನ್ನು, ಸೆಕೆಂಡುಗಳನ್ನು. ಆಕಾಶದ ಮಂಜಿಗೆ ನಾವೇನೂ ಮಾಡುವಂತಿಲ್ಲ. ತಲೆಯೊಳಗಿನ ಮಂಜನ್ನು ನಾವೇ 180 ಮಿ.ಲೀ. ದುಡ್ಡು ಕೊಟ್ಟು ತರುತ್ತೇವೆ.

ವೇಗ ಕಣ್ಣಿಗೆ ಕಾಣುವುದಿಲ್ಲ, ಎತ್ತರ ಕಾಣುತ್ತದೆ. ಹಾಗಾಗಿ ವೇಗವನ್ನು ಎತ್ತರಕ್ಕೆ ತರ್ಜುಮೆ ಮಾಡೋಣ. 67 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೂ ಶ್ರವಣಬೆಳಗೊಳದ ಗೊಮ್ಮಟನ ನೆತ್ತಿಯಿಂದ ಅವನ ಪಾದಕ್ಕೆ ಬೀಳುವುದೂ ಒಂದೇ. 93ರಲ್ಲಿ ಗುದ್ದಿದರೆ ಚಿಕ್ಕಬಳ್ಳಾಪುರದ ಬಳಿಯ 112 ಅಡಿಯ ಆದಿಯೋಗಿಯ ತಲೆಯ ಮೇಲಿಂದ ಬಿದ್ದಂತೆ. 114 ಮುಟ್ಟಿದರೆ ಗೋಳಗುಮ್ಮಟದ ತುದಿಯಿಂದ. ನಂದಿಯ ಟಿಪ್ಪು ಡ್ರಾಪ್ ಸುಮಾರು 600 ಅಡಿ. ಅದರ ವೇಗ ಬೇಕಾದರೆ 215ರಲ್ಲಿ ಓಡಿಸಬೇಕು. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ಸೂರ್ಯೋದಯ ನೋಡಲು ಬರುವ ಕೆಲವು ಬೈಕುಗಳ ಸದ್ದು ಕೇಳಿದರೆ, ಬೆಟ್ಟ ಹತ್ತುವ ಮುಂಚೆಯೇ ಅವರು ಅಲ್ಲಿಂದ ಬೀಳುವ ವೇಗದ ಅಭ್ಯಾಸ ನಡೆಸಿದ್ದಾರೆ ಅನ್ನಿಸುತ್ತದೆ.

ಎತ್ತರವಾಯಿತು, ಇನ್ನು ಭಾರ. 60ರ ವೇಗದ ಗಾಡಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಮಡಿಲಲ್ಲಿ ಕೂತ 12 ಕೆ.ಜಿ.ಯ ಮಗುವನ್ನು ಹಿಡಿದಿಡಲು 200 ಕೆ.ಜಿ. ಎತ್ತುವ ಬಲ ಬೇಕು: ಎರಡು ಕ್ವಿಂಟಾಲ್ ಟೊಮೆಟೊ, ಚಿಂತಾಮಣಿ ಮಂಡಿಯ ಹಮಾಲರು ಕೂಡ ಒಂದೇ ಸಲಕ್ಕೆ ಎತ್ತದ ಹೊರೆ. 80ರ ವೇಗಕ್ಕೆ 70 ಕೆ.ಜಿ.ಯ ದೊಡ್ಡವರ ಭಾರ 1,580 ಕೆ.ಜಿ. ಆಗುತ್ತದೆ. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕೆ.ಜಿ.; ಅದನ್ನು ಹೊರಲು ಆನೆಯನ್ನು ವಾರಗಟ್ಟಲೆ ತಾಲೀಮು ಮಾಡಿಸುತ್ತಾರೆ. ಇಲ್ಲಿ ತಾಲೀಮಿಲ್ಲದ ಎದೆಗೂಡಿನ ಮೇಲೆ ಎರಡು ಅಂಬಾರಿ, ಮೇಲೆ ಒಬ್ಬ ಮಾವುತ.

ಇದಕ್ಕೆಲ್ಲ ಸರ್ಕಾರ ಕಟ್ಟಿದ ಬೆಲೆ: ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. 2019ರವರೆಗೆ ದಂಡ ಹೆಚ್ಚೆಂದರೆ 2,000 ಇತ್ತು. ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2024-25ರ ಬಜೆಟ್ಟಿನಲ್ಲಿ ಕರ್ನಾಟಕದ ಅಬಕಾರಿ ಆದಾಯದ ಗುರಿ 38,525 ಕೋಟಿ. ದಿನಕ್ಕೆ 105 ಕೋಟಿ. ಸೆಕೆಂಡಿಗೆ 12,000 ದಾಟುತ್ತದೆ. ಒಬ್ಬ ಕುಡುಕ ಚಾಲಕ ಕೋರ್ಟಿನಲ್ಲಿ ನಿಂತು ಕಟ್ಟುವ ದಂಡಕ್ಕಿಂತ ಹೆಚ್ಚು ಹಣವನ್ನು ರಾಜ್ಯ ಒಂದೊಂದು ಸೆಕೆಂಡಿಗೂ ಬಾಟಲಿಯಿಂದ ಎಣಿಸಿಕೊಳ್ಳಲು ಕೂತಿದೆ. ನಾನು ಏನೂ ಹೇಳಲಿಲ್ಲ, ಭಾಗಾಕಾರ ಮಾಡಿದೆ ಅಷ್ಟೆ.

ಮುಂದಿನ ಸಂಖ್ಯೆಗಳಿಗೆ ಬಂದಾಗ ನನ್ನ ಹೋಲಿಕೆಗಳ ಉತ್ಸಾಹ ಕುಗ್ಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಗಂಟೆಗೆ 19. ಗಣತಿಯಲ್ಲಿ ಚಿಂತಾಮಣಿ ಪಟ್ಟಣಕ್ಕೆ 76,000, ಶಿಡ್ಲಘಟ್ಟಕ್ಕೆ 51,000, ಗೌರಿಬಿದನೂರಿಗೆ 38,000 ಜನ. ಮೂರನ್ನೂ ಕೂಡಿಸಿದರೆ 1,65,000. ಒಂದೇ ವರ್ಷದಲ್ಲಿ ಮೂರೂ ಊರುಗಳ ಮನೆ, ಅಂಗಡಿ, ಶಾಲೆ, ಮಾರುಕಟ್ಟೆ ಖಾಲಿಯಾಗಿ, ಇನ್ನೂ ಮೂರು ಸಾವಿರಕ್ಕೆ ಬೇರೆ ಹಳ್ಳಿಗಳನ್ನು ಹುಡುಕಬೇಕು. ಅವರಲ್ಲಿ ಕುಡಿದು ಓಡಿಸಿದ್ದರಿಂದ ಎಂದು ದಾಖಲಾದ ಸಾವು 4,201, ಎರಡು ಗಂಟೆಗೆ ಒಂದರ ಲೆಕ್ಕ: ಗೌರಿಬಿದನೂರಿನಲ್ಲಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಒಂದು. ಅತಿವೇಗದ ಖಾತೆಯಲ್ಲಿ 1,19,904 ಇವೆ. ಆ ವೇಗದಲ್ಲಿ ಎಷ್ಟಕ್ಕೆ ವಾಸನೆ ಇತ್ತೋ ಎಂಬ ಅನುಮಾನ ನನ್ನದು. ಸತ್ತವನನ್ನು ಊದು ಎನ್ನಲಾಗುವುದಿಲ್ಲ.

ಇನ್ನೂ ದೊಡ್ಡದಿದೆ. ಜಗತ್ತಿನ ಲೆಕ್ಕ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ವರ್ಷಕ್ಕೆ 11,90,000. ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ ಮೇಲೆ ಹೇಳಿದ್ದೆ, ನೆನಪಿದೆಯೆ? 12,55,000. ವರ್ಷಕ್ಕೊಂದು ಜಿಲ್ಲೆ, ಹೆಚ್ಚುಕಡಿಮೆ ಪೂರ್ತಿ. ಸೆಕೆಂಡಿನಲ್ಲಿ ಹೇಳಿದರೆ 26ಕ್ಕೊಂದು ಜೀವ.

ಪೊಲೀಸರು ಎಲ್ಲರನ್ನೂ ಊದಿಸಬಾರದೆ ಎನ್ನುವವರು ರಸ್ತೆಯ ಉದ್ದ ಕೇಳಬೇಕು. ಭಾರತದ ಒಟ್ಟು ರಸ್ತೆ 63 ಲಕ್ಷ ಕಿ.ಮೀ. ದಾಟಿದೆ. ಭೂಮಿಯ ನಡುವಿಗೆ 158 ಸುತ್ತು. ಚಂದ್ರನಿಗೆ ಹೋಗಿ ಬಂದು, ಹೋಗಿ ಬಂದು, ಹೀಗೆ ಎಂಟು ಸಲ. ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬೊಬ್ಬರ ಕೈಗೂ, ತೊಟ್ಟಿಲ ಕೂಸಿನಿಂದ ನೂರರ ಅಜ್ಜಿಯವರೆಗೆ, ಒಂದೊಂದು ಆಲ್ಕೋಮೀಟರ್ ಕೊಟ್ಟು ಸಾಲಾಗಿ ನಿಲ್ಲಿಸಿಕೊಂಡು ಹೋದರೆ ಇಬ್ಬರ ನಡುವೆ 5 ಕಿ.ಮೀ. ಅಂತರ ಉಳಿಯುತ್ತದೆ. ಆ ಐದು ಕಿ.ಮೀ.ಯಲ್ಲಿ ಒಂದು ಡಾಬಾ ಇದ್ದೇ ಇರುತ್ತದೆ.

ಆದ್ದರಿಂದಲೇ ಈ ಯಂತ್ರ ಠಾಣೆ ಬಿಟ್ಟು ಜೇಬಿಗೆ ಬಂದದ್ದು ನನಗೆ ಖುಷಿ. ಕುಡಿದು ಗಾಡಿ ಓಡಿಸಿದ್ದಕ್ಕೆ ಮೊದಲು ಸಿಕ್ಕಿಬಿದ್ದವನು ಲಂಡನ್ನಿನ ಟ್ಯಾಕ್ಸಿ ಚಾಲಕ ಜಾರ್ಜ್ ಸ್ಮಿತ್, 1897ರ ಸೆಪ್ಟೆಂಬರ್ 10ರಂದು. ಅಳೆಯುವ ಯಂತ್ರವೇ ಆಗ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ರೋಲಾ ಹಾರ್ಗರ್ ಮಾಡಿದ ಡ್ರಂಕೋಮೀಟರಿಗೆ ಬಲೂನು ಊದಿ ಕೊಡಬೇಕಿತ್ತು. 1954ರಲ್ಲಿ ರಾಬರ್ಟ್ ಬೊರ್ಕೆನ್‌ಸ್ಟೀನ್ ಬ್ರೆತಲೈಸರ್ ಮಾಡಿದರು. 2012ರಲ್ಲಿ ಫ್ರಾನ್ಸ್ ತನ್ನ ಚಾಲಕರೆಲ್ಲ ಒಂದೊಂದು ಊದುವ ಸಾಧನ ಗಾಡಿಯಲ್ಲಿ ಇಟ್ಟುಕೊಳ್ಳಬೇಕೆಂದು ಕಡ್ಡಾಯ ಮಾಡಿತು, ಇಡದವರಿಗೆ 11 ಯೂರೊ ದಂಡ ಎಂದೂ ಹೇಳಿತು, ದಂಡ ಹಾಕುವುದನ್ನು ಮಾತ್ರ ಮರೆಯಿತು. ಈಗ ಅದೇ ಯಂತ್ರ ನಶ್ಯದ ಡಬ್ಬಿಗಿಂತ ತುಸು ದೊಡ್ಡದು.

ಅಂಥದ್ದೊಂದು ಡಬ್ಬಿ ಚಿಂತಾಮಣಿ ಕಡೆಯ ನಮ್ಮ ಮನೆಯ ಬೀಗರೂಟಕ್ಕೂ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ತಂದಿದ್ದ. ‘ಕುಡಿದ ಮೇಲೆ ಕಾಲು ಗಂಟೆ ಬಿಟ್ಟು ಊದ್ಬೇಕು ಮಾವ, ಬಾಯಲ್ಲಿ ಉಳಿದಿರೋದನ್ನೂ ಸೇರಿಸಿ ಎಣಿಸಿಬಿಡ್ತದೆ’ ಎಂದು ಪಾಠ ಹೇಳಿದ. ಅಗ್ಗದ್ದು ಸುಳ್ಳು ಹೇಳಬಹುದು, ಪೊಲೀಸರ ಮುಂದೆ ಇದು ನಡೆಯುವುದಿಲ್ಲ ಎಂದೂ ಹೇಳಿದ. ಕೇಳಿಸಿಕೊಂಡವರು ಯಾರು? ಹತ್ತು ನಿಮಿಷದಲ್ಲಿ ಶಾಮಿಯಾನದ ಹಿಂದೆ ಪಂದ್ಯ ಶುರುವಾಯಿತು. 0.31 ಬಂದವನನ್ನು ಎಲ್ಲರೂ ಗೇಲಿ ಮಾಡಿದರು. 0.48ಕ್ಕೆ ಶಿಳ್ಳೆ. ಮೂರು ಗಂಟೆಗೆ ಭಾವ ಊದಿದರು: 0.52. ಚಪ್ಪಾಳೆ. 75 ಕೆ.ಜಿ. ಆಳು, ಒಂದು ಕ್ವಾರ್ಟರ್. ರಕ್ತದ ಲೆಕ್ಕದಲ್ಲಿ 109, ಗೆರೆಯ ಮೂರೂವರೆ ಪಟ್ಟು.

ಅವರಿಗೆ ಶಿಡ್ಲಘಟ್ಟದ ಹಾದಿಯಲ್ಲಿ 25 ಕಿ.ಮೀ. ಹೋಗಬೇಕಿತ್ತು. ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದೆ, ಸಂಜೆಗೆ ಸೊಪ್ಪು ಹಾಕಬೇಕು. ಮೊಟ್ಟೆಯಿಂದ ಹೊರಬಂದ ದಿನದ ಹತ್ತು ಸಾವಿರ ಪಟ್ಟು ತೂಗುವಷ್ಟು ಬೆಳೆಯುವ ಪ್ರಾಣಿ, ಬೀಗರೂಟ ಎಂದರೆ ಕಾಯುವುದಿಲ್ಲ. ಅಕ್ಕ ಏನೂ ಮಾತಾಡದೆ ಭಾವನ ಜೇಬಿಗೆ ಕೈ ಹಾಕಿ ಕೀ ತೆಗೆದು ಮಗನಿಗೆ ಕೊಟ್ಟಳು. ಇಬ್ಬರೂ ಹೋದರು. ಭಾವ ಉಳಿದರು, ಯಂತ್ರವೂ ಉಳಿಯಿತು. ನಾನು ಪಕ್ಕದಲ್ಲಿ ಕೂತು ಗಂಟೆಗೆ ಹದಿನೈದರಂತೆ ಕಳೆಯುತ್ತಾ ಹೋದೆ: ನಾಲ್ಕಕ್ಕೆ 94, ಐದಕ್ಕೆ 79, ಆರಕ್ಕೆ 64. ಏಳಕ್ಕೆ ಅವರು ಇಸ್ಪೀಟಿನಲ್ಲಿ 140 ರೂಪಾಯಿ ಗೆದ್ದಿದ್ದರು.

ಎಂಟು ಗಂಟೆಗೆ ನನ್ನ ಸ್ಕೂಟರ್ ಕೇಳಿದರು. ‘ಈಗ ನೋಡು ಬೇಕಾದ್ರೆ’ ಎಂದು ಎದೆ ಉಬ್ಬಿಸಿ ಊದಿದರು. 0.17.

‘ಎಷ್ಟು ಜಾಸ್ತಿ?’

‘ರಾಗಿ ಕಾಳನ್ನ ನೂರು ಚೂರು ಮಾಡಿದ್ರೆ, ಅದರಲ್ಲಿ ಒಂದು ಚೂರು ಜಾಸ್ತಿ ಭಾವ.’

ಅವರು ಯಂತ್ರವನ್ನು ತಿರುಗಿಸಿ, ಬೆನ್ನ ಕಡೆ ನೋಡಿ, ಅಲ್ಲಾಡಿಸಿ, ಟೇಬಲ್ಲಿನ ಮೇಲಿಟ್ಟರು. ಚಪ್ಪಲಿ ಬಿಟ್ಟು ಒಳಗೆ ಬಂದರು.

‘ಹಂಗಾದ್ರೆ ರಾತ್ರಿಗೆ ಮುದ್ದೆ ಇರ್ಲಿ’ ಎಂದರು.